ಸುರಂಗದಾಚೆ ಬೀಗರ ಮನೆಗೆ

ದೊಡ್ಡ ಊರಿನ ಮುಖ್ಯ ನಿಲ್ದಾಣದಿಂದ ಸುರಂಗದಾಚೆಯ ಊರಿಗೆ ಹೋಗಿಬರಲು ಒಬ್ಬರಿಗೆ ನಾಲ್ಕು ಸಾವಿರ ಯೆನ್ ಮೇಲೆ ಚಿಲ್ಲರೆ ಬೀಳುತ್ತದೆ. ಬೇಗ ಹೋಗುವ ರೈಲು ಹಿಡಿದರೆ ಅದರ ಅರ್ಧದಷ್ಟು ಹೆಚ್ಚು. ಉಳಿಯುವುದು ಮುಕ್ಕಾಲು ಗಂಟೆ, ಆ ಮುಕ್ಕಾಲು ಗಂಟೆಯನ್ನೂ ನಡುವಿನ ನಿಲ್ದಾಣದಲ್ಲಿ ಸಣ್ಣ ರೈಲಿಗೆ ಕಾಯುತ್ತಾ ಕಳೆಯಬೇಕು. ಅದಕ್ಕೇ ನಾನು ಆ ರೈಲಿನ ಗೋಜಿಗೆ ಹೋಗಲಿಲ್ಲ. ನಿಲ್ದಾಣದಲ್ಲಿ ಮಾರುವ ಊಟದ ಪೆಟ್ಟಿಗೆ ನೋಡಲು ಬಲು ಚಂದ, ಬೆಲೆಯೂ ಹಾಗೇ. ಆದರೆ ಕುಂಬಳಕಾಯಿ ಹೋಳಿಗೂ ಮೀನಿನ ಸಾರು ಹಾಕಿರುತ್ತಾರೆ, ನಮ್ಮ ಜನಕ್ಕೆ ಅದು ಕೊಂಡು ಎಸೆದಂತೆ. ಬುತ್ತಿ ಮನೆಯಿಂದಲೇ ಕಟ್ಟಬೇಕು. ಸೀರೆ ಉಟ್ಟವರು ಜೊತೆಗಿದ್ದರೆ ರೈಲು ಬದಲಿಸುವ ಕಡೆ ಸಾಕಷ್ಟು ಹೊತ್ತು ಇಟ್ಟುಕೊಳ್ಳಬೇಕು. ಅವಸರ ಮಾಡಿದರೆ ಒಂದು ರೈಲು ತಪ್ಪುತ್ತದೆ, ರೈಲು ತಪ್ಪಿದರೆ ಹೊಟ್ಟೆ ಹಸಿಯುತ್ತದೆ, ಹಸಿದ ಮುಖ ಹೊತ್ತುಕೊಂಡು ಬೀಗರ ಮನೆ ಮೆಟ್ಟಿಲು ಹತ್ತಬಾರದು. ಇನ್ನು ಬೀಗರಿಗೆ ಕೊಡುವ ಉಡುಗೊರೆ, ಅದನ್ನು ಸುತ್ತಲು ಬಟ್ಟೆ, ಊರಿನಿಂದ ಬರುವ ನನ್ನ ಅಣ್ಣನ ಕಾಲಿಗೆ ತೂತಿಲ್ಲದ ಹೊಸ ಕಾಲುಚೀಲ. ಈ ಜಪಾನಿನಲ್ಲಿ ಬಾಗಿಲಲ್ಲೇ ಬೂಟು ಬಿಚ್ಚಿಸುತ್ತಾರೆ, ಹೆಬ್ಬೆರಳು ಹೊರಗಿಣುಕಿದರೆ ಮನೆತನದ ಮರ್ಯಾದೆಯೇ ಇಣುಕಿದ ಹಾಗೆ. ಇಷ್ಟೆಲ್ಲ ನಾನು ಲೆಕ್ಕ ಹಾಕಿದ್ದೆ.

ಲೆಕ್ಕ ಹಾಕುವುದೇ ನನ್ನ ಕಸುಬು ಆಗಿಬಿಟ್ಟಿದೆ. ನನ್ನ ಗಂಡ ರುದ್ರಮುನಿ ದಾವಣಗೆರೆಯಿಂದ ಈ ದೊಡ್ಡ ಊರಿನ ಹೋಟೆಲೊಂದಕ್ಕೆ ಅಡುಗೆಯವರಾಗಿ ಬಂದರು, ಹಿಂದಿನಿಂದ ನಾನೂ ಕೂಸು ನೀಲಾಂಬಿಕೆಯನ್ನು ಎತ್ತಿಕೊಂಡು ಬಂದೆ. ಅವರು ತೀರಿಕೊಂಡ ಮೇಲೆ ನಾನೇ ಒಂದು ಸಣ್ಣ ಅಡುಗೆಮನೆ ಹಿಡಿದೆ. ಅಕ್ಕಿ ಯಂತ್ರ ನೋಡಲು ಬರುವ ಗಿರಣಿಯವರು, ರೇಷ್ಮೆಯವರು, ಯೋಗ ಕಲಿಸುವವರು, ಯಾರೇ ಕನ್ನಡದವರು ಬಂದರೂ ನನ್ನ ಮನೆಯ ರೊಟ್ಟಿ ತಿಂದು, ಕೈ ತೊಳೆಯುತ್ತಾ ಒಂದೇ ಮಾತು ಕೇಳುತ್ತಿದ್ದರು: "ಅಕ್ಕಾ, ಬೆಳಿಗ್ಗೆ ಹೋಗಿ ಸಂಜಿಗೆ ಬರೋ ಹಂಗೆ ಯಾವುದಾದ್ರೂ ಊರು ಹೇಳು." ಹಾಗೆ ಹೇಳಿ ಹೇಳಿ, ಯಾವ ರೈಲಿನ ಯಾವ ಬದಿಗೆ ಕೂತರೆ ಸಮುದ್ರ ಕಾಣುತ್ತದೆ, ಯಾವ ನಿಲ್ದಾಣದ ಮೆಟ್ಟಿಲು ಮಂಡಿನೋವಿನವರಿಗೆ ಆಗದು, ಎಲ್ಲ ನನಗೆ ಅಂಗೈ ಗೆರೆಯಷ್ಟು ಗುರುತು. ಓದಿ ಕಲಿತದ್ದಲ್ಲ, ರೈಲು ತಪ್ಪಿಸಿಕೊಂಡು ಕಲಿತದ್ದು.

ಆದರೆ ಸುರಂಗದಾಚೆಯ ಊರಿಗೆ ನಾನು ಯಾರನ್ನೂ ಕಳಿಸುತ್ತಿರಲಿಲ್ಲ. ಆ ಊರಿನಲ್ಲಿ ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಎಲ್ಲರಿಗೂ ಅರ್ಥವಾಗುತ್ತದೆ. ಕಿವಿಗೆ ಬೀಳುವುದು ಅವರವರ ಭಾಷೆಯೇ, ಅರ್ಥ ಮಾತ್ರ ನಮ್ಮ ಪಡಸಾಲೆಯಲ್ಲಿ ಕೂತು ಆಡಿದಷ್ಟು ಸಲೀಸು. ಸುರಂಗ ದಾಟಿ ಈಚೆ ಬಂದರೆ ಮತ್ತೆ ಅವರ ಮಾತು ಅವರಿಗೆ, ನಮ್ಮದು ನಮಗೆ. ಅಲ್ಲಿನ ಜನ ಇದಕ್ಕೆ ಹೊಂದಿಕೊಂಡು ಬಾಳುತ್ತಾರೆ. ವೈದ್ಯರು ರೋಗಿಯ ಸಂಗತಿಯನ್ನು ಹಲಗೆಯ ಮೇಲೆ ಬರೆದು ತೋರಿಸಿ ಒರೆಸುತ್ತಾರೆ. ತನಗಾಗಿ ಆಡಿದ್ದಲ್ಲದ ಮಾತು ಕಿವಿಗೆ ಬಿದ್ದರೆ ಚಹಾದ ಬಟ್ಟಲನ್ನು ಒಂದು ಸುತ್ತು ತಿರುಗಿಸುತ್ತಾರೆ, ನನಗೆ ಕೇಳಿಸಿಲ್ಲ ಎಂದು ಅದರ ಅರ್ಥ. ತಿರುಗಿಸಿದ ಮೇಲೆ ಆ ಮಾತನ್ನು ಆ ಊರಿನೊಳಗೆ ಯಾರೂ ಎತ್ತುವಂತಿಲ್ಲ. ಜಗಳ ಆಡಲೇಬೇಕು ಎನ್ನುವವರು ಟಿಕೆಟ್ ತೆಗೆಸಿ, ಸುರಂಗದ ಈಚೆಗಿರುವ ಪುಟ್ಟ ನಿಲ್ದಾಣಕ್ಕೆ ಬಂದು, ಅಲ್ಲಿನ ಬೆಂಚಿನ ಮೇಲೆ ಮನಸ್ಸಿಗೆ ಬಂದಷ್ಟು ಆಡಿ, ಮುಂದಿನ ರೈಲಿಗೆ ವಾಪಸು ಹೋಗುತ್ತಾರೆ.

ನಮ್ಮ ಜನರ ಬಾಯಿಗೆ ಅಂಥ ಊರು ಸಲ್ಲದು. ಈ ದೇಶದಲ್ಲಿ ನಮ್ಮ ನಾಲಿಗೆಗೆ ಅಗಸೆಬಾಗಿಲೇ ಇಲ್ಲ. ರೈಲಿನಲ್ಲಿ ಎದುರು ಕೂತವನ ಬೋಳುತಲೆ, ಪಕ್ಕದವಳ ಮೋಟು ಲಂಗ, ಕೊನೆಗೆ ದಾರಿ ತೋರಿಸಿದ ಪುಣ್ಯಾತ್ಮನ ಹಲ್ಲು, ಯಾವುದನ್ನೂ ಬಿಡದೆ ಕನ್ನಡದಲ್ಲಿ ಆಡಿಕೊಂಡು, ಅವರ ಮುಖ ನೋಡಿ ತಲೆಬಾಗಿಸಿ ನಗುತ್ತೇವೆ. ನಾನೇ ಅದರಲ್ಲಿ ಎಲ್ಲರಿಗಿಂತ ಮುಂದು. ಗಂಡ ಹೋದ ಮೇಲೆ ಈ ಪರದೇಶದಲ್ಲಿ ನನಗಿದ್ದ ಒಂದೇ ಸುಖ ಅದು.

ಹೀಗಿರುವಾಗ ನೀಲಾ ಆ ಊರಿನ ಹುಡುಗನನ್ನೇ ಮೆಚ್ಚಿಕೊಂಡಳು. ಹುಡುಗನ ಹೆಸರು ಇಸಾಮು. ಅವರ ಮನೆಯದು ತೋಫು ಮಾಡುವ ಕಸುಬು. ಸೋಯಾ ಕಾಳು ನೆನೆಸಿ, ರುಬ್ಬಿ, ಹಾಲು ತೆಗೆದು, ಒಡೆಸಿ, ಗಟ್ಟಿ ಮಾಡುವುದು. ನನ್ನ ಅಡುಗೆಮನೆಗೆ ಬೆಳಗಿನ ರೈಲಿನಲ್ಲಿ ತೋಫು ತಂದು ತೊಟ್ಟಿಯಲ್ಲಿ ಇಳಿಸಿ ಹೋಗುತ್ತಿದ್ದ. ಇಳಿಸುವ ಹೊತ್ತು ದಿನದಿಂದ ದಿನಕ್ಕೆ ಉದ್ದವಾದಾಗ ನನಗೆ ತಿಳಿದುಹೋಯಿತು. ಒಳ್ಳೆಯ ಹುಡುಗ, ಮಿತವಾದ ಮಾತು. ಅವನ ಊರಿನವರೆಲ್ಲ ಹಾಗೆಯೇ. ತಾಯಿ ಕಿನುಯೊ, ತಂದೆ ಇಲ್ಲ. ಆಕೆ ಹೇಳಿಕಳಿಸಿದ್ದರು: "ಹುಡುಗಿಯ ಕಡೆ ಹಿರಿಯರು ಬಂದು ನಮ್ಮ ಮನೆ ನೋಡಲಿ. ನೋಡದೆ ಕೊಡುವುದು ಬೇಡ." ನೀಲಾ ಕೂಡ ಗಟ್ಟಿಯಾಗಿ ಹೇಳಿದ್ದಳು: "ಮಾವ ಬಂದು ಒಪ್ಪಲಿ ಅಮ್ಮ. ಅಪ್ಪ ಇಲ್ಲದ ಮನೆಯಲ್ಲಿ ಮಾವ ಬೇಡ ಅಂದರೆ ನಾನು ಮಾಡಿಕೊಳ್ಳಲ್ಲ." ಅವಳ ಮಾತು ಒಂದೇ. ಹಾಗಾಗಿ ಅಣ್ಣನ ಒಂದು ತಲೆಯಾಡಿಕೆಯ ಮೇಲೆ ಮಗಳ ಬದುಕು ನಿಂತಿತ್ತು.

ಅಣ್ಣ ಕೊಟ್ರೇಶಪ್ಪನಿಗೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಅತ್ತಿಗೆ ಹಾಲಮ್ಮನನ್ನು ಕರೆದುಕೊಂಡು, ಒಂದು ಮೂಟೆ ಮಂಡಕ್ಕಿಯನ್ನೂ ವಿಮಾನದಲ್ಲಿ ಹಾಕಿಕೊಂಡು ಬಂದಿಳಿದ. ಎರಡು ದಿನ ಮಲಗಿ ಎದ್ದರು. ಮೂರನೇ ದಿನ ಬೆಳಿಗ್ಗೆ ನಾವು ನಾಲ್ವರೂ ರೈಲು ಹತ್ತಿದೆವು.

ಊರಿನ ಸಂಗತಿ ಮೊದಲೇ ಹೇಳಿದ್ದರೆ ಅಣ್ಣ ನಂಬುತ್ತಿರಲಿಲ್ಲ, ನಂಬಿದ್ದರೆ ಬರುತ್ತಿರಲಿಲ್ಲ. ಅದಕ್ಕೇ ಸಣ್ಣ ರೈಲಿಗೆ ಬದಲಿಸಿ, ಬುತ್ತಿ ಬಿಚ್ಚಿ, ಮೊಸರನ್ನ ಅರ್ಧ ಖಾಲಿಯಾದ ಮೇಲೆ ಹೇಳಿದೆ.

"ಏನು ಹೇಳ್ತಿಯೇ ದಾಕ್ಷಾಯಿಣಿ," ಅಣ್ಣ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡ. "ನಾ ಕನ್ನಡದಾಗ ಮಾತಾಡಿದ್ದು ಅವರಿಗೆ ತಿಳಿತೈತಿ ಅಂತಿಯಲ್ಲ, ನಮ್ಮ ಹಾಲಮ್ಮಗ ಮೂವತ್ತು ವರ್ಷದಿಂದ ಕನ್ನಡದಾಗೇ ಹೇಳಾಕತ್ತೀನಿ, ತಿಳಿದಿಲ್ಲ."

"ತಿಳೀತೈತಿ, ಕೇಳಾಕ ಮನಸ್ಸಿಲ್ಲ," ಎಂದರು ಅತ್ತಿಗೆ.

"ಸುಳ್ಳಲ್ಲ ಮಾವ," ಎಂದಳು ನೀಲಾ. "ಅಲ್ಲಿ ಹೋದಮೇಲೆ ಮೆಲ್ಲಗೂ ಆಡಂಗಿಲ್ಲ, ಗಟ್ಟಿಯಾಗೂ ಆಡಂಗಿಲ್ಲ. ಅವರ ಮನೆಯ ಬಾಗಿಲೆಲ್ಲ ಕಾಗದದ್ದು."

"ಏನೇನು ಆಡೋದೈತೋ ಎಲ್ಲ ಈಗಲೇ ಆಡಿಬಿಡ್ರಿ," ಎಂದೆ ನಾನು. "ಸುರಂಗ ಬರೋತನಕ ಅವಕಾಶ. ಆಮೇಲೆ ಬಾಯಿಗೆ ಬೀಗ."

ಅತ್ತಿಗೆ ಇದಕ್ಕೇ ಕಾದಿದ್ದವರಂತೆ ಶುರು ಮಾಡಿದರು. ವಿಮಾನದಲ್ಲಿ ಅಣ್ಣನ ಗೊರಕೆ, ನನ್ನ ಮನೆಯ ಪಾಯಖಾನೆಯಲ್ಲಿ ಬಿಸಿನೀರು ಚಿಮ್ಮಿಸುವ ಪೀಠ ಮಾತಾಡುವುದು, ಹುಡುಗನ ಫೋಟೊ ನೋಡಿದರೆ ಎಚ್ಚರಾಗಿದ್ದಾನೋ ನಿದ್ದೆಯಲ್ಲಿದ್ದಾನೋ ತಿಳಿಯದೆ ಇರುವುದು, ಈಗಿನ ಕಾಲದಲ್ಲಿ ಇಷ್ಟು ದೂರ ಕೊಡುವ ಬದಲು ಹರಿಹರದ ಗಂಡು ಇರಲಿಲ್ಲವೇ ಎನ್ನುವುದು. ನೀಲಾ ನಕ್ಕೂ ನಕ್ಕೂ ನೀರು ನೆತ್ತಿಗೇರಿಸಿಕೊಂಡಳು. ಪುಟ್ಟ ನಿಲ್ದಾಣ ಬಂತು. ಬೆಂಚಿನ ಮೇಲೆ ಮುದುಕ ಮುದುಕಿ ಇಬ್ಬರು ಕೈ ಬೀಸಿ ಬೀಸಿ ಜಗಳವಾಡುತ್ತಿದ್ದರು. ರೈಲಿನ ಬಾಗಿಲು ತೆರೆದ ಕೂಡಲೇ ಸುಮ್ಮನಾಗಿ, ಇಬ್ಬರೂ ಅಕ್ಕಪಕ್ಕ ಬಂದು ಕೂತು, ಮುದುಕ ಮುದುಕಿಗೆ ಕಿತ್ತಳೆ ಸುಲಿದುಕೊಟ್ಟ. ಅಣ್ಣ ಅವರನ್ನು ನೋಡಿದ, ನನ್ನನ್ನು ನೋಡಿದ. ಸುರಂಗ ಬಂತು. ಅತ್ತಿಗೆ ಸೆರಗಿನಿಂದ ಬಾಯಿ ಒರೆಸಿಕೊಂಡು ಮುಚ್ಚಿದರು.

ಊರಿನಲ್ಲಿ ಇಳಿದು ಮೀನಿನ ಅಂಗಡಿ ಮುಂದೆ ಹಾದುಹೋಗುವಾಗ ಅಣ್ಣನಿಗೆ ತಡೆಯಲಾಗಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದುಕೊಂಡನೋ ಏನೋ, ಮೂಗು ಹಿಡಿದು, "ಅಬ್ಬಬ್ಬ, ಏನು ನಾತ," ಎಂದು ಗೊಣಗಿದ.

ಮೀನು ಕೊಯ್ಯುತ್ತಿದ್ದವನು ತಲೆ ಎತ್ತದೆಯೇ, "ಗಾಳಿ ಇವತ್ತು ನಿಮ್ಮ ಕಡೆಗೇ ಬೀಸುತ್ತಿದೆ. ಎದುರು ಬದಿಯಲ್ಲಿ ನಡೆಯಿರಿ, ಅಷ್ಟು ಬರುವುದಿಲ್ಲ," ಎಂದ.

ಅಣ್ಣ ನಿಂತಲ್ಲೇ ಕೈ ಮುಗಿದ. "ತಪ್ಪಾತು ಯಜಮಾನ್ರೆ."

"ಇಲ್ಲ ಇಲ್ಲ, ನಾತವೇ," ಎಂದ ಆತ.

ಅಲ್ಲಿಂದ ಬೀಗರ ಮನೆ ತನಕ ಅಣ್ಣ ತುಟಿ ಬಿಚ್ಚಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ. ಯಾವ ರೈಲೂ ತಪ್ಪಿರಲಿಲ್ಲ, ಹೊಟ್ಟೆ ತುಂಬಿತ್ತು, ಕಾಲುಚೀಲ ಹೊಸದಾಗಿತ್ತು, ಬಾಯಿಗಳು ಹದ್ದುಬಸ್ತಿನಲ್ಲಿದ್ದವು.

ಕಿನುಯೊ ಬಾಗಿಲಲ್ಲೇ ಕಾಯುತ್ತಿದ್ದರು. ಸಣ್ಣ ಆಳು, ಬೆನ್ನು ಬಾಗಿದೆ, ಮುಂಗೈ ಒಣಕಡ್ಡಿಯ ಹಾಗೆ. ಆದರೆ ಕಾಳು ರುಬ್ಬುವ ಮನೆಯ ಕಲ್ಲುನೆಲವನ್ನು ಅವರು ತೊಳೆದಿಟ್ಟಿದ್ದ ಬಗೆ ನೋಡಿದರೆ ಆ ಕೈಯಲ್ಲಿ ಬಲ ಎಷ್ಟಿದೆ ಎಂದು ಯಾರಿಗಾದರೂ ತಿಳಿಯಬೇಕಿತ್ತು. ನನಗೆ ತಿಳಿಯಲಿಲ್ಲ. ನಾನು ನೋಡಿದ್ದು ಬೆನ್ನನ್ನು.

ಒಲೆಯ ಸುತ್ತ ಚಾಪೆಯ ಮೇಲೆ ಕೂತೆವು. ಮಾತು ಶುರುವಾದದ್ದೇ ಮಂಡಕ್ಕಿಯಿಂದ. ಅಣ್ಣ ಮೂಟೆ ಬಿಚ್ಚಿ ಬಟ್ಟಲಿಗೆ ಸುರಿದ. ಕಿನುಯೊ ಒಂದೊಂದೇ ಬಾಯಿಗೆ ಹಾಕಿಕೊಂಡು, "ಅಕ್ಕಿಗೆ ಉಪ್ಪುನೀರು ಮೊದಲೇ ಹಾಕುತ್ತೀರಾ, ಕಾಯಿಸಿದ ಮೇಲಾ?" ಎಂದು ಕೇಳಿದರು.

ಅಣ್ಣನ ಮುಖ ಅರಳಿತು. ಅವನ ಕಸುಬಿನ ಬಗ್ಗೆ ಸ್ವಂತ ಮಕ್ಕಳೂ ಅಂಥ ಪ್ರಶ್ನೆ ಕೇಳಿರಲಿಲ್ಲ. "ಮೊದಲೇ ಅಕ್ಕಾರೆ, ಮೊದಲೇ. ಉಪ್ಪು ಹಿಡಿಯದೆ ಅಕ್ಕಿ ಅರಳಂಗಿಲ್ಲ."

"ನಮ್ಮಲ್ಲಿ ಉಪ್ಪು ಕೊನೆಗೆ. ಮೊದಲು ಹಾಕಿದರೆ ಹಾಲು ಅವಸರಪಟ್ಟು ಒಡೆಯುತ್ತದೆ. ಕಡಲುಪ್ಪಿನಿಂದ ಇಳಿದ ನೀರು, ಒಂದೇ ಸೌಟು, ಕೈ ಮೆಲ್ಲಗೆ."

"ಬೆಂಕಿ?"

"ಬೆಂಕಿಯ ಮಾತು ಕೇಳಬೇಕು."

"ಅದು ನಿಜ!" ಎಂದು ಅಣ್ಣ ತೊಡೆ ತಟ್ಟಿಕೊಂಡ.

ನಡುವೆ ಯಾರೂ ಭಾಷಾಂತರ ಮಾಡಬೇಕಿರಲಿಲ್ಲ. ಅತ್ತಿಗೆ ತಮ್ಮ ಮಂಡಿನೋವಿನ ಮಾತು ತೆಗೆದರು, ಕಿನುಯೊ ತಮ್ಮದು ತೆಗೆದರು. ಇಬ್ಬರೂ ಎಳ್ಳೆಣ್ಣೆ ಒಳ್ಳೆಯದೋ ಬಿಸಿ ಉಪ್ಪಿನ ಗಂಟು ಒಳ್ಳೆಯದೋ ಎಂದು ವಾದಕ್ಕೆ ಬಿದ್ದರು. ಇಸಾಮು ಬಿಸಿ ತೋಫು ತಂದಿಟ್ಟ, ಅದಕ್ಕೆ ಮೀನಿನ ಸಾರು ತಾಗಿಸದೆ ಬರೀ ಶುಂಠಿ ಹೆರೆದು ಹಾಕಿದ್ದರು. ನನ್ನ ಮಗಳಿಂದ ಕೇಳಿ ತಿಳಿದುಕೊಂಡು ಹಿಂದಿನ ದಿನವೇ ಪಾತ್ರೆಗಳನ್ನೂ ಬೇರೆ ಮಾಡಿಟ್ಟಿದ್ದರಂತೆ. ಆಮೇಲೆ ಕಿನುಯೊ, ಇಸಾಮು, ನೀಲಾ ಮೂವರೂ ಇನ್ನೊಂದು ಸುತ್ತು ಚಹಾ ತರಲು ಒಳಗೆ ಹೋದರು. ಕಾಗದದ ಬಾಗಿಲು ಸರಿಯಿತು.

ನಾನು ಅಣ್ಣನ ಮುಖ ನೋಡಿದೆ. ಮುಖ ಸಣ್ಣದಾಗಿತ್ತು. ಮಾತಿನ ನಡುವೆ ಕಿನುಯೊ ಒಂದು ಮಾತು ಹೇಳಿದ್ದರು, ಈ ಕಸುಬಿನಲ್ಲಿ ಕೋಳಿ ಕೂಗುವ ಮೊದಲೇ ಏಳಬೇಕು, ಮನೆಯವರೆಲ್ಲ ಏಳಬೇಕು, ಚಳಿಗಾಲದಲ್ಲಿ ನೀರು ಬೆರಳು ಕಡಿಯುತ್ತದೆ ಎಂದು. ಮುಚ್ಚಿಡದೆ ಹೇಳಿದ್ದರು. ಅಣ್ಣನಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಕಾಣಿಸಿತು. ತಂಗಿಯ ಮಗಳು ಕತ್ತಲಲ್ಲಿ ತಣ್ಣೀರಿಗೆ ಕೈ ಅದ್ದುವುದು ಅವನ ಕಣ್ಣಿಗೆ ಕಟ್ಟಿತ್ತು. ಈಗ ಬೇಡ ಅಂದುಬಿಟ್ಟರೆ ಎಂದು ಹೆದರಿದೆ. ನಾನು ಅವನ ಪಕ್ಕಕ್ಕೆ ಸರಿದೆ. ಇಪ್ಪತ್ತು ವರ್ಷ ಈ ದೇಶದ ರೈಲುಗಳಲ್ಲಿ ಹೇಗೆ ಸರಿದು ಆಡುತ್ತಿದ್ದೆನೋ ಹಾಗೇ ಸರಿದು, ಹಾಗೇ ಆಡಿದೆ.

"ಯಾಕಣ್ಣ ಮುಖ ಸಣ್ಣ ಮಾಡ್ತಿ? ಮುದುಕಿ ಇನ್ನೆಷ್ಟು ದಿನ ಇದ್ದಾಳು? ನೋಡಿದ್ಯಲ್ಲ, ಒಣಕಲು ಕಡ್ಡಿ. ಎರಡು ಚಳಿಗಾಲ ಕಳೆದ್ರೆ ಹೆಚ್ಚು. ಆಮೇಲೆ ಮನಿ, ಅಂಗಡಿ, ಎಲ್ಲ ನಮ್ಮ ಹುಡುಗಿ ಕೈಯಾಗ. ಆಗ ಯಾವಾಗ ಬೇಕಾದ್ರೂ ಏಳ್ಲಿ."

ಒಳಗೆ ಚಹಾ ಸುರಿಯುವ ಸದ್ದು ನಿಂತಿತು.

ಅತ್ತಿಗೆ ನನ್ನ ಮಂಡಿಯನ್ನು ಹಿಡಿದು ಅದುಮಿದರು. ಅಣ್ಣ ಚಾಪೆಯ ಅಂಚನ್ನು ನೋಡುತ್ತಾ ಕೂತ. ನನಗೆ ಮೊದಲು ತಿಳಿಯಲೇ ಇಲ್ಲ. ಸದ್ದು ಯಾಕೆ ನಿಂತಿತು ಎಂದು ನಾನೇ ಕಿವಿಗೊಟ್ಟೆ. ತಿಳಿದಾಗ ಮೈ ತುಂಬ ಬಿಸಿನೀರು ಹೊಯ್ದಂತಾಯಿತು. ನಮ್ಮೂರ ಕಡೆ ಇಂಥ ಮಾತನ್ನು ಯಾರು ಆಡುವುದಿಲ್ಲ? ಹೆಣ್ಣು ಕೊಡುವಾಗ ಅತ್ತೆಯ ವಯಸ್ಸನ್ನು ಎಣಿಸದ ತಾಯಿ ಯಾರಿದ್ದಾಳೆ? ಹಾಗೆಂದು ಎಷ್ಟು ಸಮಾಧಾನ ಹೇಳಿಕೊಂಡರೂ ಆ ಕ್ಷಣದಲ್ಲಿ ಯಾವುದೂ ನಿಲ್ಲಲಿಲ್ಲ. ಆಡಿದ್ದು ನಾನು, ಅವರ ಚಾಪೆಯ ಮೇಲೆ ಕೂತು, ಅವರ ತೋಫು ತಿಂದ ಬಾಯಲ್ಲಿ.

ಬಾಗಿಲು ಸರಿಯಿತು. ಕಿನುಯೊ ಬಂದು ಕೂತರು, ಅಣ್ಣನಿಗೆ, ಅತ್ತಿಗೆಗೆ, ನನಗೆ ಚಹಾ ಕೊಟ್ಟರು. ನನ್ನ ಬಟ್ಟಲನ್ನು ಎರಡೂ ಕೈಯಿಂದ ಹಿಡಿದು ಕೊಟ್ಟರು. ಆಮೇಲೆ ತಮ್ಮ ಬಟ್ಟಲನ್ನು ನೆಲದ ಮೇಲೆ ಇಟ್ಟು ಒಂದು ಸುತ್ತು ತಿರುಗಿಸಿದರು. ಇಸಾಮು ತನ್ನದನ್ನು ತಿರುಗಿಸಿದ. ನೀಲಾಳ ಬಟ್ಟಲು ಅವಳ ಮುಂದೆಯೇ ಇತ್ತು. ಅವಳು ಮುಟ್ಟಲಿಲ್ಲ. ಆ ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು. ಮಗಳು ಹುಟ್ಟಿದಾಗಿನಿಂದ ನಾನು ಅಂಥ ನೋಟ ಕಂಡಿರಲಿಲ್ಲ.

"ಬನ್ನಿ, ಮೇಲಿನ ಕೋಣೆ ನೋಡಿ," ಎಂದರು ಕಿನುಯೊ, ಏನೂ ಆಗದವರಂತೆ. ಮೆಟ್ಟಿಲು ಹತ್ತಿ ತಮ್ಮ ಕೋಣೆ ತೆರೆದು ತೋರಿಸಿದರು. "ಬಿಸಿಲು ಇಲ್ಲಿಗೇ ಚೆನ್ನಾಗಿ ಬರುವುದು. ಮದುವೆಯಾದವರಿಗೆ ಇದನ್ನು ಬಿಟ್ಟುಕೊಡಬೇಕು ಎಂದುಕೊಂಡಿದ್ದೇನೆ. ನಾನು ಕೆಳಗೆ ಮಲಗುತ್ತೇನೆ." ಗೋಡೆಯ ಬೀರು ತೆರೆದು ಹೊಸ ಹಾಸಿಗೆ ತೋರಿಸಿದರು. ಹತ್ತಿ ಅವರೇ ತುಂಬಿದ್ದಂತೆ. ಅಣ್ಣ ಎಲ್ಲಕ್ಕೂ "ಆಗಲಿ ಅಕ್ಕಾರೆ, ಆಗಲಿ" ಎನ್ನುತ್ತಿದ್ದ, ಅವನ ದನಿ ಕುಗ್ಗಿಹೋಗಿತ್ತು. ಅವರು ತೋರಿಸಿದ ಒಂದೊಂದು ವಸ್ತುವೂ ನನ್ನ ಕೆನ್ನೆಗೆ ಬಿದ್ದಂತಿತ್ತು. ಹೊಡೆಯಲೆಂದು ತೋರಿಸುತ್ತಿದ್ದಾರೋ, ಮೊದಲೇ ತೋರಿಸಬೇಕೆಂದಿದ್ದುದನ್ನು ತೋರಿಸುತ್ತಿದ್ದಾರೋ, ತಿಳಿಯಲಿಲ್ಲ. ಆ ಊರಿನಲ್ಲಿ ಮಾತು ಅರ್ಥವಾಗುತ್ತದೆ, ಮನಸ್ಸು ಅಲ್ಲ.

ಬೂಟು ಹಾಕಿಕೊಳ್ಳುವ ಕಡೆ ಇಸಾಮು ಒಬ್ಬನೇ ಸಿಕ್ಕ. "ಅಪ್ಪಾ, ನಾನು ನಿಮ್ಮ ತಾಯಿಯ ಕಾಲಿಗೆ ಬೀಳಬೇಕು," ಎಂದೆ.

"ಇಲ್ಲಿ ಬೇಡಮ್ಮ," ಎಂದ ಅವನು. ಕೋಪವಿರಲಿಲ್ಲ, ದಣಿದವನ ಹಾಗಿದ್ದ. "ಅವರು ಬಟ್ಟಲು ತಿರುಗಿಸಿ ಆಗಿದೆ. ಈಗ ನೀವು ಎತ್ತಿದರೆ ಇನ್ನೊಮ್ಮೆ ಆಡಿದಂತೆ."

"ಮತ್ತೆ ನಾನು ಏನು ಮಾಡಲಿ?"

ಅವನು ಉತ್ತರ ಕೊಡುವ ಮೊದಲೇ ಕಿನುಯೊ ಹೊರಗೆ ಬಂದರು. ಹೆಗಲಿಗೆ ಶಾಲು ಹೊದ್ದಿದ್ದರು. "ಒಂದು ನಿಲ್ದಾಣದವರೆಗೆ ನಾನೂ ನಿಮ್ಮ ಜೊತೆ ಬರುತ್ತೇನೆ," ಎಂದರು.

ರೈಲಿನಲ್ಲಿ ಐದೂ ಜನ ಕಿಟಕಿ ನೋಡುತ್ತಾ ಕೂತೆವು. ಅತ್ತಿಗೆ ಮಾತ್ರ ನನ್ನ ಕೈ ಬಿಟ್ಟಿರಲಿಲ್ಲ. ಮುಂದಿನ ನಿಲ್ದಾಣದ ಘೋಷಣೆ ಶುರುವಾಗಿ, ಅರ್ಧ ನಮ್ಮ ಮನೆ ಮಾತಿನ ಹಾಗೆ ತಿಳಿದು, ಸುರಂಗ ದಾಟುತ್ತಲೇ ಉಳಿದರ್ಧ ಬರೀ ಜಪಾನಿಯಾಯಿತು. ಆಗ ನನಗೆ ಇನ್ನೊಂದು ಹೊಳೆಯಿತು. ಕ್ಷಮೆ ಕೇಳಲು ನನಗೆ ಯಾವ ಮಾತಿದೆ? ನನ್ನ ಜಪಾನಿ ಅಂಗಡಿಯ ಜಪಾನಿ. ಎಷ್ಟು, ಸಾಕು, ಬಿಸಿ ಇದೆ, ಮೀನು ಬೇಡ. ಹೆಚ್ಚೆಂದರೆ ನೂಕುನುಗ್ಗಲಿನಲ್ಲಿ ಯಾರದಾದರೂ ಕಾಲು ತುಳಿದರೆ ಹೇಳುವ ಮಾತು. ಇಷ್ಟು ವರ್ಷ ಇದ್ದೂ ಅದಕ್ಕಿಂತ ಹೆಚ್ಚು ಕಲಿಯಲಿಲ್ಲ, ಕಲಿಯಬೇಕು ಅನಿಸಿರಲಿಲ್ಲ, ಅವರ ಬೆನ್ನ ಹಿಂದೆ ಆಡಿಕೊಳ್ಳಲು ಕನ್ನಡ ಸಾಕಾಗಿತ್ತು.

ಪುಟ್ಟ ನಿಲ್ದಾಣದಲ್ಲಿ ಎಲ್ಲರೂ ಇಳಿದೆವು, ಅಣ್ಣ ಅತ್ತಿಗೆ ದೂರದಲ್ಲಿ ಕೂತರು. ಕಿನುಯೊ, ನೀಲಾ, ನಾನು ಮೂವರೂ ಬೆಂಚಿನ ಬಳಿಗೆ ಹೋದೆವು.

"ನೀಲಾ, ನನ್ನ ಪರವಾಗಿ ಹೇಳವ್ವ," ಎಂದೆ.

"ನಾನು ಹೇಳಲ್ಲ," ಎಂದಳು. "ಆಡಿದ್ದು ನೀನು. ನೀನೇ ಹೇಳು."

ನಾನು ಕಿನುಯೊ ಮುಂದೆ ಬಾಗಿದೆ. ಕಾಲು ತುಳಿದಾಗ ಹೇಳುವ ಮಾತನ್ನೇ ಹೇಳಿದೆ. ಹೋಟೆಲಿನಲ್ಲಿ ಮಾಣಿಯನ್ನು ಕರೆಯಲೂ ಅದೇ ಮಾತು. ಅದನ್ನೇ ಮತ್ತೆ ಮತ್ತೆ ಹೇಳಿದೆ. ನನ್ನ ಬಾಯಿ ಕೆಟ್ಟದ್ದು ಎನ್ನಬೇಕಿತ್ತು, ಕೆಟ್ಟದ್ದು ಎನ್ನುವ ಮಾತು ನನಗೆ ಗೊತ್ತಿದ್ದದ್ದು ಹಳಸಿದ ತರಕಾರಿಗೆ ಮಾತ್ರ. ಬಾಯಿ ತೋರಿಸಿ ಅದನ್ನೇ ಹೇಳಿದೆ. ಕಣ್ಣಲ್ಲಿ ನೀರು ಬಂತು. ಕಿನುಯೊ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ನನ್ನ ಮಾತು ತಾನಾಗಿ ಮುಗಿದ ಮೇಲೆ, ಬೆಂಚಿನ ಮೇಲೆ ಕೂತು, ನನ್ನನ್ನೂ ಕೂರಿಸಿಕೊಂಡು, ಮೆಲ್ಲಗೆ ಏನೋ ಹೇಳತೊಡಗಿದರು. ನನಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಚಳಿಗಾಲ. ಎರಡು. ಮನೆ.

ಆಗ ನೀಲಾ ಕನ್ನಡದಲ್ಲಿ ಹೇಳತೊಡಗಿದಳು. ಒಂದು ಮಾತನ್ನೂ ಮೃದು ಮಾಡಲಿಲ್ಲ.

"ನನ್ನ ಮನೆಯಲ್ಲಿ ಬಟ್ಟಲು ತಿರುಗಿಸಿದೆ, ಅದು ನಮ್ಮ ರೀತಿ ಅನ್ನುತ್ತಿದ್ದಾರೆ. ಇಲ್ಲಿ ಆ ರೀತಿ ಇಲ್ಲ, ಅದಕ್ಕೆ ಇಲ್ಲಿಗೆ ಬಂದೆ ಅನ್ನುತ್ತಿದ್ದಾರೆ. ನಿಮ್ಮ ಮಗಳು ಒಳ್ಳೆಯವಳು, ನಿಮ್ಮ ಅಣ್ಣ ಒಳ್ಳೆಯವರು, ಈ ಮದುವೆ ಆಗಲಿ. ನೀವೂ ಕೆಟ್ಟವರಲ್ಲ, ಮಗಳ ಕೈಗೆ ಚಳಿ ಆಗಬಾರದು ಅಂತ ಆಡಿದಿರಿ, ಅದೂ ನನಗೆ ತಿಳಿಯಿತು." ನೀಲಾ ನನ್ನ ಕಡೆ ತಿರುಗಿದಳು. "ಆದರೆ ನೀವು ನನ್ನ ಒಲೆಯ ಮುಂದೆ ಕೂತು ನನ್ನ ದಿನ ಎಣಿಸಿದಿರಿ. ಇನ್ನು ಮುಂದೆ ನೀವು ಆ ಒಲೆಯ ಮುಂದೆ ಕೂತಾಗಲೆಲ್ಲ ನಾನು ಅದನ್ನೇ ಕೇಳಿಸಿಕೊಳ್ಳುತ್ತೇನೆ, ನೀವು ಸುಮ್ಮನಿದ್ದರೂ ಕೇಳಿಸಿಕೊಳ್ಳುತ್ತೇನೆ. ನಾನು ಇರುವವರೆಗೆ ನಮ್ಮ ಮನೆಗೆ ಬರಬೇಡಿ. ಹುಡುಗಿ ನಿಮ್ಮ ಬಳಿ ಯಾವಾಗ ಬೇಕಾದರೂ ಬರಲಿ, ನಾನು ತಡೆಯುವುದಿಲ್ಲ."

ನಾನು ತಲೆಯಾಡಿಸಿದೆ. ಆ ಕಡೆಯ ರೈಲು ಬಂತು. ಕಿನುಯೊ ಎದ್ದು, ಅಣ್ಣ ಅತ್ತಿಗೆಗೆ ಬಾಗಿ ನಮಸ್ಕರಿಸಿ, ನನಗೂ ಅಷ್ಟೇ ಬಾಗಿ ನಮಸ್ಕರಿಸಿ ಹತ್ತಿಕೊಂಡರು. ಹತ್ತುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ.

ವಾಪಸು ಬರುವಾಗ ಅಣ್ಣ ಬಾಯಿ ಬಿಟ್ಟ. "ನಾನು ಬ್ಯಾಡ ಅನ್ನೋವನಿದ್ದೆ ದಾಕ್ಷಾಯಿಣಿ, ನಿಜ ಹೇಳ್ತೀನಿ. ಕತ್ತಲಾಗ ಏಳೋದು, ತಣ್ಣೀರು, ಎಲ್ಲ ಕೇಳಿ ಮನಸ್ಸು ಹಿಂದ ಸರಿದಿತ್ತು. ನೀನು ಹಂಗಂದ ಮ್ಯಾಲೂ ಆ ತಾಯಿ ನಿನಗ ಎರಡು ಕೈಯಾಗ ಚಾ ಕೊಟ್ಟಳು ನೋಡು, ಅವಾಗ ಒಪ್ಪಿದೆ. ಅಂಥಾಕಿ ಮನಿಯಾಗ ನಮ್ಮ ಹುಡುಗಿ ಸುಖವಾಗಿರ್ತಾಳೆ."

"ನಾವೆಲ್ಲ ದಿನಾ ಆಡೋ ಮಾತೇ ಅದು," ಎಂದು ಅತ್ತಿಗೆ ನನ್ನ ಬೆನ್ನು ಸವರಿದರು. "ನಮ್ಮತ್ತಿ ಮುಂದೆ ನಾ ಎಷ್ಟು ಸಲ ಅಂದೀನಿ. ಆಕಿ ತಿರುಗಿ ನನಗ ಅಂತಿದ್ದಳು. ಇಲ್ಲಿ ಜನ ಹಂಗಲ್ಲ, ಅಷ್ಟೇ. ಅಳಬ್ಯಾಡ."

ನೀಲಾ ಎದುರಿನ ಸೀಟಿನಲ್ಲಿ ಕೂತಿದ್ದಳು. ಅಳು ಬರುತ್ತಿದ್ದುದು ಅವಳಿಗೆ, ತಡೆದುಕೊಂಡಿದ್ದಳು. ಎದುರು ಸಾಲಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅಣ್ಣ ಅಭ್ಯಾಸಬಲದಿಂದ ಏನೋ ಹೇಳಲು ನನ್ನ ಕಡೆ ತಿರುಗಿದವನು, ಬೇರೆ ಕಡೆ ಮುಖ ಮಾಡಿಕೊಂಡ.

ಮದುವೆ ವಸಂತದಲ್ಲಿ ದೊಡ್ಡ ಊರಿನಲ್ಲೇ ಆಯಿತು. ಅಡುಗೆ ನನ್ನದೇ. ಕಿನುಯೊ ಬಂದರು, ನನ್ನ ಕೈಯಿಂದ ಹೋಳಿಗೆ ಬಡಿಸಿಕೊಂಡು ಎರಡು ತಿಂದರು, ಮಂಡಿನೋವಿಗೆ ಅತ್ತಿಗೆ ಹೇಳಿದ ಎಳ್ಳೆಣ್ಣೆಯೇ ಮೇಲು ಎಂದು ನೀಲಾಳ ಕೈಲಿ ಹೇಳಿಸಿದರು. ಹೊರಗಿನವರಿಗೆ ನಮ್ಮ ನಡುವೆ ಏನಾದರೂ ಇದೆ ಎಂದು ತಿಳಿಯುವಂತೆಯೇ ಇರಲಿಲ್ಲ. ಇಸಾಮು ಈಗಲೂ ಬೆಳಗಿನ ರೈಲಿಗೆ ತೋಫು ತರುತ್ತಾನೆ, ತೊಟ್ಟಿಯಲ್ಲಿ ಇಳಿಸಿ, ಇವತ್ತು ಚಳಿ ಜಾಸ್ತಿ ಎನ್ನುತ್ತಾನೆ, ಹೋಗುತ್ತಾನೆ. ನೀಲಾ ತಿಂಗಳಿಗೊಮ್ಮೆ ಬರುತ್ತಾಳೆ. ಅವಳ ಕೈ ಒಡೆದಿದೆ, ಮುಖದಲ್ಲಿ ತ್ರಾಣವಿದೆ, ಅತ್ತೆಯ ಮಾತು ಬಂದಾಗ ಅವಳ ದನಿಯಲ್ಲಿ ಮೆಚ್ಚುಗೆ ಇರುತ್ತದೆ. ಆಮೇಲೆ ನನ್ನ ಮುಖ ನೋಡಿ ಮಾತು ಬದಲಿಸುತ್ತಾಳೆ. ಈಗ ಅವಳಿಗೆ ಏಳು ತಿಂಗಳು. ತೊಟ್ಟಿಲು ಆ ಮನೆಯ ಮೇಲಿನ ಕೋಣೆಯಲ್ಲಿ ಕಟ್ಟುತ್ತಾರಂತೆ, ಬಿಸಿಲು ಬರುವ ಕಡೆ. ಕಿನುಯೊ ಗಟ್ಟಿಯಾಗಿದ್ದಾರೆ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಈಗಲೂ ಅವರೇ. ಹಾಗೇ ಇರಲಿ ಎಂದು ನಾನು ದಿನಾ ಕೈ ಮುಗಿಯುತ್ತೇನೆ, ಮುಗಿಯುವಾಗಲೂ ನಾಚಿಕೆಯಾಗುತ್ತದೆ, ಆ ಮನೆಯ ಬಾಗಿಲು ನನಗೆ ತೆರೆಯುವುದು ಯಾವಾಗ ಎಂದು ನನಗೆ ಗೊತ್ತಿದೆಯಲ್ಲ.

ನನ್ನ ಮಗಳಿಗೆ ಒಳ್ಳೆಯ ಮನೆ ಸಿಕ್ಕಿತು. ಆ ಮನೆಯಲ್ಲಿ ನನಗೆ ಜಾಗ ಇಲ್ಲ.